ಭಾಂಗಿನ ದಿನಗಳ ನೀರು

“ಸಮುಂದರ್ ಬಂದ್ ಕರ್, ಔರ್ ಖಾನಾ ಖಾ ಲೇ.”

ಸಮುದ್ರ ಬಂದ್ ಮಾಡಿ ಊಟ ಮಾಡು ಎಂದು ನನಗೆ ಹೇಳಿದವರು ಪಾಟೀಲ ಸರ್. ನವಿ ಮುಂಬೈಯ ವಾಶಿಯ ಆಫೀಸಿನಲ್ಲಿ ನನ್ನ ಮೊದಲ ದಿನ, ಮಧ್ಯಾಹ್ನದ ಹೊತ್ತು. ನಾನು ಮೌಸ್ ಹಿಡಿದು ಹಾಗೇ ಕೂತುಬಿಟ್ಟೆ. ಕಾಪು ಬಳಿಯ ನಮ್ಮೂರಿನಲ್ಲಿ ಹಿಂಬಾಗಿಲು ತೆರೆದರೆ ಕಡಲು. ಮಳೆಗಾಲದಲ್ಲಿ ಅದರ ಸದ್ದಿಗೆ ಊಟದ ಹೊತ್ತಿನಲ್ಲೂ ಕೂಗಿ ಮಾತಾಡಬೇಕು. ಅದನ್ನು ಬಂದ್ ಮಾಡುವ ಗುಂಡಿಯೊಂದು ಇದ್ದಿದ್ದರೆ ಅಮ್ಮ ಎಂದೋ ಒತ್ತಿರುತ್ತಿದ್ದಳು. ಇಲ್ಲಿ ಎಸಿಯ ತಂಪಿನಲ್ಲಿ, ಪರದೆಯ ಮೇಲೆ ಚೌಕ ಚೌಕವಾಗಿ ಹರಡಿದ್ದ ಅರಬ್ಬೀ ಸಮುದ್ರವನ್ನು ನಾನು ಒಂದು ಕ್ಲಿಕ್ಕಿನಲ್ಲಿ ನಿಲ್ಲಿಸಿ, ಡಬ್ಬಿ ತೆಗೆದುಕೊಂಡು ಎದ್ದೆ. ಉಪ್ಪಿಲ್ಲ, ವಾಸನೆಯಿಲ್ಲ. ಕೈ ತೊಳೆಯುವ ಅಗತ್ಯವೂ ಇರಲಿಲ್ಲ.

ಮಹಾಮಳೆ ಬಂದು ಮುಂಬೈ ಮುಳುಗಿದ ಮರುವರ್ಷ ಅದು. ಮಂಗಳೂರಿನಲ್ಲಿ ಸಾಗರ ವಿಜ್ಞಾನ ಓದಿ ಮುಗಿಸಿದ್ದೆ. ಸಮುದ್ರದ ನೀರು ಎತ್ತ ಹರಿಯುತ್ತದೆ, ಹರಿಯುವಾಗ ಏನನ್ನು ಹೊತ್ತೊಯ್ಯುತ್ತದೆ, ಆ ನೀರಿನಲ್ಲಿ ಪಾಚಿ ಎಷ್ಟು, ಉಸಿರಾಟಕ್ಕೆ ಆಮ್ಲಜನಕ ಎಷ್ಟು, ಮೀನಿನ ಮರಿಗಳು ಬದುಕುತ್ತವೆಯೇ ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವ ಸಣ್ಣ ಕಂಪನಿಯೊಂದು ನನ್ನನ್ನು ಆರು ತಿಂಗಳ ಪರೀಕ್ಷೆಯ ಮೇಲೆ ಕೆಲಸಕ್ಕೆ ಕರೆದಿತ್ತು. ಖಾಡಿಯ ನಕ್ಷೆಯನ್ನು ಸಾವಿರಾರು ಚೌಕಗಳಾಗಿ ಕತ್ತರಿಸುವುದು, ಪ್ರತಿ ಚೌಕಕ್ಕೂ ಆಳ, ಗಾಳಿ, ಉಬ್ಬರ ತುಂಬಿಸುವುದು, ಆಮೇಲೆ ಯಂತ್ರಕ್ಕೆ ಬಿಡುವುದು. ಖಾಡಿ ಎಂದರೆ ಇಲ್ಲಿ ಸಮುದ್ರ ಊರೊಳಗೆ ಚಾಚಿದ ತೋಳು. ಠಾಣೆಯನ್ನೂ ನವಿ ಮುಂಬೈಯನ್ನೂ ಬೇರೆ ಮಾಡಿರುವುದು ಅದೇ. ನಮ್ಮ ಕಡಲಿಗೆ ಮರಳು. ಇದಕ್ಕೆ ಮೊಣಕಾಲುದ್ದದ ಕೆಸರು. ನಮ್ಮಲ್ಲಿ ಉಬ್ಬರ ಇಳಿತ ಎಂದರೆ ನೀರು ನಾಲ್ಕು ಹೆಜ್ಜೆ ಹಿಂದೆ ಮುಂದೆ ಆಗುವುದು. ಇಲ್ಲಿ ಬೆಳಿಗ್ಗೆ ದೋಣಿ ತೇಲುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ಹೆಂಗಸರು ನಡೆದಾಡುತ್ತಾರೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಆದರೆ ಓದಿದ್ದು ಮೈಗೆ ಹತ್ತಿರಲಿಲ್ಲ.

ಉಳಿದುಕೊಂಡದ್ದು ಡೊಂಬಿವಿಲಿ ಪೂರ್ವದಲ್ಲಿ, ಅಮ್ಮನ ತಮ್ಮನ ಮನೆಯಲ್ಲಿ. ಒಂದು ಕೋಣೆ, ಒಂದು ಅಡಿಗೆಮನೆ. ಮಾಮ ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿರುವ ಹೋಟೆಲೊಂದರಲ್ಲಿ ಮ್ಯಾನೇಜರ್. ಅತ್ತೆ ಮನೆಯಲ್ಲೇ ಹಪ್ಪಳ, ಸೆಂಡಿಗೆ ಮಾಡಿ ಮಾರುತ್ತಿದ್ದಳು. ಮಗಳು ಶ್ರುತಿ ಒಂಬತ್ತನೇ ಕ್ಲಾಸು, ಮರಾಠಿ ಶಾಲೆ. ಶ್ರುತಿಗೆ ನಾವಾಡುವ ಕನ್ನಡ, ತುಳು ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. “ಹೂವಿನ ಗಿಡಕ್ಕೆ ನೀರು ಹಾಕಿದೆಯ?” ಎಂದರೆ “ಡಾಲಾ ನಾ, ಅಕ್ಕಾ,” ಎನ್ನುತ್ತಾಳೆ. ನನ್ನ ಪೆಟ್ಟಿಗೆ ಮಂಚದ ಅಡಿಗೆ, ನಾನು ಮಂಚದ ಪಕ್ಕ ನೆಲಕ್ಕೆ. ಮೂರು ತಿಂಗಳು ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸೆಖೆಗಲ್ಲ, ಸದ್ದಿಗಲ್ಲ. ಕಾಲು ಚಾಚಿದರೆ ಇನ್ನೊಬ್ಬರಿಗೆ ತಾಗುತ್ತದೆಂಬ ಸಂಕೋಚಕ್ಕೆ.

ಬೆಳಿಗ್ಗೆ ಡೊಂಬಿವಿಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ವಾಶಿ. ಮೊದಲ ದಿನವೇ ಮಾಮ ಹೇಳಿಕೊಟ್ಟಿದ್ದ. “ನೋಡು ಮಾರಾಯ್ತಿ, ಇಲ್ಲಿ ನಿಂತು ಆಲೋಚನೆ ಮಾಡ್ಲಿಕ್ಕಿಲ್ಲ. ನಿಂತ್ರೆ ಹಿಂದಿನವ್ರು ದೂಡ್ತಾರೆ, ದೂಡಿದ ಕಡೆ ಹೋಗ್ಬೇಕಾಗ್ತದೆ. ಮುಂಬ್ರಾ ದಾಟಿದ ಕೂಡ್ಲೇ ಎದ್ದು ಬಾಗಿಲಿಗೆ ಬಾ.” ಹಾಗೇ ಮಾಡಿದೆ. ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವಳು ಅಂಚಿಗೆ ಒರಗುವುದಕ್ಕೆ ಇಲ್ಲಿ ‘ಚೌಥೀ ಸೀಟ್’ ಎನ್ನುತ್ತಾರೆ. ಬದಲಾಪುರದಿಂದ ಬರುವ ಗಾಡಿಯಲ್ಲಿ ಒಬ್ಬಾಕೆ ತಾನಾಗಿ ಸರಿದು ನನಗೆ ಆ ಅಂಗೈಯಗಲದ ಜಾಗ ಕೊಟ್ಟ ದಿನ ನಾನು ಅಮ್ಮನಿಗೆ ಫೋನು ಮಾಡಿ ಹೇಳಿದ್ದೆ. ಅಮ್ಮನಿಗೆ ಅದರಲ್ಲಿ ಖುಷಿ ಪಡುವುದೇನಿದೆ ಎಂದು ಹೊಳೆಯಲಿಲ್ಲ.

ಮಾತಿನಲ್ಲಿ ನಾನು ಜಾಣೆ ಎಂದುಕೊಂಡಿದ್ದೆ. ಮೀನುಗಾರರನ್ನು ಇಲ್ಲಿ ಕೋಳಿ ಎನ್ನುತ್ತಾರೆ, ಅವರ ಕೇರಿ ಕೋಳಿವಾಡ. ‘ನಾಳೆ ಕೋಳಿವಾಡಕ್ಕೆ ಹೋಗಲಿಕ್ಕುಂಟು’ ಎಂದಾಗ ಅಮ್ಮ ಕೇಳಿದಳು: “ಇಷ್ಟು ಓದಿ ಕೋಳಿ ಎಣಿಸುವ ಕೆಲಸವಾ?” ನಾನು ನಕ್ಕು ತಿದ್ದಿದೆ. ಊರಿಗೆ ಫೋನು ಮಾಡಿದಾಗಲೆಲ್ಲ ಇಂಥ ಎರಡು ಶಬ್ದ ಹೇಳಿ ದೊಡ್ಡಸ್ತಿಕೆ ತೋರಿಸುವುದು ಅಭ್ಯಾಸವಾಗಿತ್ತು. ಅಲ್ಪವಿದ್ಯೆ ಮಹಾಗರ್ವಿ ಎಂಬ ಮಾತು ನೆನಪಾಗಬೇಕಿತ್ತು; ಆಗಲಿಲ್ಲ.

ನನ್ನ ಪಾಲಿಗೆ ಬಂದ ಮೊದಲ ಕೆಲಸ ಒಂದು ಕೊಳವೆಯದು. ಕಾರ್ಖಾನೆಯವರೊಬ್ಬರು ತಮ್ಮ ಕೊಳೆನೀರನ್ನು ಶುದ್ಧ ಮಾಡಿ ಖಾಡಿಗೆ ಬಿಡುವವರಿದ್ದರು. ಕೊಳವೆಯ ಬಾಯಿ ಎಲ್ಲಿಟ್ಟರೆ ನೀರು ಅದನ್ನು ಬೇಗ ಸಮುದ್ರಕ್ಕೆ ಎಳೆದೊಯ್ಯುತ್ತದೆ ಎಂದು ನಾವು ಹೇಳಬೇಕು. ಅವರು ಆರಿಸಿಟ್ಟಿದ್ದ ಜಾಗ ಐರೋಲಿಯ ಆಚೆ, ಒಂದು ಕೋಳಿವಾಡದ ಎದುರಿಗೇ ಇತ್ತು. ನಮ್ಮ ಯಂತ್ರಗಳು ಆಗ ನಿಧಾನ. ನಾಲ್ಕು ದಿನದ ಖಾಡಿಯನ್ನು ಓಡಿಸಲು ಒಂದು ಇಡೀ ದಿನ ತಿನ್ನುತ್ತಿದ್ದವು. ಪಾಟೀಲ ಸರ್ ಧಾರವಾಡದವರು. ಆಫೀಸಿನಲ್ಲಿ ಹಿಂದಿ, ಸಿಟ್ಟು ಬಂದರೆ ಅಥವಾ ಮನಸ್ಸು ಕರಗಿದರೆ ಕನ್ನಡ. ಅವರು ಹೇಳಿದರು: “ಪೂರಾ ತಿಂಗಳಾ ಓಡಸಾಕ ಟೈಮ್ ಇಲ್ಲ. ಭಾಳ ಕೆಟ್ಟ ದಿವಸ ಯಾವು ಅಂತ ಅಲ್ಲಿ ಮಂದೀನ ಕೇಳು. ಆ ದಿವಸದಾಗ ನೀರು ಹೊಲಸು ಹೊತಗೊಂಡು ಹೋದ್ರ, ಉಳದ ದಿವಸದಾಗ ಹೋಗೇ ಹೋಗ್ತದ.” ಕೇಳುವ ಕೆಲಸ ನನ್ನದು. ಮೀನಿನ ಮರಿಗೆ ಈಜು ಕಲಿಸಬೇಕೆ ಎಂಬ ಹಮ್ಮಿನಲ್ಲಿ ನೋಟ್‌ಬುಕ್ ಹಿಡಿದು ಹೊರಟೆ.

ಅಲ್ಲಿ ಸಿಕ್ಕವಳು ಹೀರಾ ಮಾವ್ಶಿ. ಮಾವ್ಶಿ ಎಂದರೆ ಚಿಕ್ಕಮ್ಮ. ಅರವತ್ತರ ಆಚೀಚಿನ ಹೆಂಗಸು, ಗಂಡ ಇಲ್ಲ, ಮಗ ಕಲ್ಯಾಣದ ಕಡೆ ರಿಕ್ಷಾ ಓಡಿಸುತ್ತಾನೆ. ನೀರು ಇಳಿದಾಗ ಕೆಸರಿಗಿಳಿದು ತಿಸರ್‍ಯಾ ಆರಿಸುತ್ತಾಳೆ, ಅಂದರೆ ನಮ್ಮ ಮರುವಾಯಿ, ಚಿಪ್ಪಿನ ಮೀನು. ಅವಳ ಅತ್ತೆ ಆರಿಸುತ್ತಿದ್ದ ದಿಬ್ಬದಲ್ಲೇ ಇವಳೂ ಆರಿಸುತ್ತಾಳೆ. ನಾನು ಸೀರೆಯಂಚು ಎತ್ತಿ ಸಿಕ್ಕಿಸಿ ಇಳಿದಾಗ ಮೊದಲ ಹೆಜ್ಜೆಗೇ ಚಪ್ಪಲಿ ಕೆಸರಿನ ಪಾಲಾಯಿತು. ಮಾವ್ಶಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಮ್ಮಲ್ಲಿ ಇದಕ್ಕೆ ತೆಂಗಿನಕಾಯಿ ಹಾಕಿ ಸುಕ್ಕ ಮಾಡುತ್ತಾರೆ ಎಂದೆ. ಅವಳು ತಾನೂ ತೆಂಗಿನಕಾಯಿ ಹಾಕುತ್ತೇನೆ, ಆದರೆ ನೀವು ಹುಳಿ ಏನು ಹಾಕುತ್ತೀರಿ ಎಂದು ಕೇಳಿದಳು. ಅರ್ಧ ಗಂಟೆ ಅಡಿಗೆಯ ಮಾತೇ ಆಯಿತು. ಊರು ಬಿಟ್ಟ ಮೇಲೆ ನನಗೆ ಅಷ್ಟು ಹಗುರ ಅನ್ನಿಸಿದ್ದು ಅದೇ ಮೊದಲು.

ಆಮೇಲೆ ಕೇಳಿದೆ: ನೀರು ಯಾವಾಗ ಕೆಟ್ಟದು?

“ಭಾಂಗಾಲಾ,” ಎಂದಳು ಮಾವ್ಶಿ. “ಭಾಂಗಾಲಾ ಘಾಣ ಜಾತ್ ನಾಯ್. ಇಥಂಚ್ ರಾಹತಂ.” ಭಾಂಗಿಗೆ ಹೊಲಸು ಹೋಗುವುದಿಲ್ಲ, ಇಲ್ಲೇ ಉಳಿಯುತ್ತದೆ.

ಈ ಶಬ್ದ ನನ್ನ ಕಿವಿಗೆ ಬಿದ್ದ ಬಗೆಯನ್ನು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ತುಳುವಿನಲ್ಲಿ ಬಂಗ ಎಂದರೆ ಕಷ್ಟ. ಗಾಳಿಯೆದ್ದು ದೋಣಿ ಇಳಿಸಲಾಗದ ದಿನ ನನ್ನಪ್ಪ ಅಂಗಳದಲ್ಲಿ ಕೂತು “ಕಡಲ್‌ಡ್ ಬಂಗ ಉಂಡು” ಎನ್ನುತ್ತಿದ್ದ. ಕಡಲಲ್ಲಿ ಕಷ್ಟ ಉಂಟು. ಹೀಗಾಗಿ ನಾನು ಮಾವ್ಶಿಗೆ ಮರುಪ್ರಶ್ನೆ ಹಾಕಿದ್ದು ಹೀಗೆ: “ಭಾಂಗ್ ಮ್ಹಣಜೇ ತಕ್ಲೀಫ್?” ಭಾಂಗ್ ಎಂದರೆ ತೊಂದರೆ ಅಲ್ಲವೆ?

“ಹೋ ಪೋರೀ, ಲಈ ತಕ್ಲೀಫ್,” ಎಂದಳು ಅವಳು. ಹೌದು ಹುಡುಗಿ, ತುಂಬಾ ತೊಂದರೆ.

ಇನ್ನೇನು ಬೇಕು? ಯಾವಾಗ ಬರುತ್ತದೆ ಎಂದು ಕೇಳಲಿಲ್ಲ. ಗೊತ್ತಿದ್ದದ್ದನ್ನು ಕೇಳುವುದೆಂತದ್ದು. ‘ಬಿರುಗಾಳಿಯ ದಿನಗಳು ಅತಿ ಕೆಟ್ಟವು: ಸ್ಥಳೀಯರ ಅಭಿಪ್ರಾಯ’ ಎಂದು ಬರೆದುಕೊಂಡೆ. ಆಫೀಸಿಗೆ ಬಂದು ಮಳೆಗಾಲದ ಆರಂಭದ, ಗಾಳಿ ಜೋರಿದ್ದ, ಹುಣ್ಣಿಮೆಯ ಉಬ್ಬರವೂ ಸೇರಿದ್ದ ನಾಲ್ಕು ದಿನ ಆರಿಸಿ ಯಂತ್ರಕ್ಕೆ ಕೊಟ್ಟೆ. ಪರದೆಯ ಮೇಲೆ ಖಾಡಿ ಕುದಿಯುವ ಹಾಲಿನಂತೆ ಎದ್ದು ಬಿದ್ದು, ಕೊಳವೆಯ ಹೊಲಸನ್ನೆಲ್ಲ ಬಾಚಿಕೊಂಡು ಹೊರಗೆ ಹೋಯಿತು. ಮಾವ್ಶಿಯ ದಿಬ್ಬದ ಚೌಕಗಳು ಹಸಿರಾಗಿಯೇ ಉಳಿದವು. ಹಸಿರು ಎಂದರೆ ಕ್ಷೇಮ. ಕೊಳವೆಯ ಬಾಯಿ ಅಲ್ಲೇ ಇರಬಹುದು ಎಂದು ವರದಿ ಬರೆದೆ, ಸರ್ ಸಹಿ ಹಾಕಿದರು, ಅದು ಕಾರ್ಖಾನೆಯವರಿಗೆ ಹೋಯಿತು. ಒಪ್ಪಿಗೆಯ ಸಭೆ ಮುಂದಿನ ಸೋಮವಾರ. ನನ್ನ ಆರು ತಿಂಗಳೂ ಅದೇ ವಾರ ಮುಗಿಯುವುದಿತ್ತು.

ಆ ಸಭೆಗೆ ನಾಲ್ಕು ದಿನ ಮುಂಚೆ, ಗುರುವಾರ ಸಂಜೆ, ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದೆ. ಮರುದಿನದ ಪರೀಕ್ಷೆಗೆ ಶ್ರುತಿ ಭೂಗೋಳವನ್ನು ಗಟ್ಟಿಯಾಗಿ ಓದುತ್ತಿದ್ದಳು. “ಅಷ್ಟಮೀಲಾ ಭಾಂಗಾಚೀ ಭರತೀ ಯೇತೇ.”

“ಏನು ಓದಿದೆ? ಇನ್ನೊಮ್ಮೆ ಓದು.”

ಅವಳು ಓದಿದಳು. ಅಷ್ಟಮಿಗೆ ಭಾಂಗಿನ ಭರತಿ ಬರುತ್ತದೆ. ಭರತಿ ಎಂದರೆ ಉಬ್ಬರ ಎಂದು ನನಗೆ ಗೊತ್ತಿತ್ತು.

“ಭಾಂಗ್ ಅಂದ್ರೆ ಎಂತದು?”

“ಛೋಟೀವಾಲೀ ಭರತೀ, ಅಕ್ಕಾ. ಅಮಾವಾಸ್ಯಾ ಪೂರ್ಣಿಮಾ ಕೋ ಉಧಾಣ, ಬಡೀವಾಲೀ. ಅಷ್ಟಮೀ ಕೋ ಭಾಂಗ್. ಪಾನೀ ಜ್ಯಾದಾ ಹಿಲತಾ ನಹೀ.” ಅಮಾವಾಸ್ಯೆ ಹುಣ್ಣಿಮೆಗೆ ದೊಡ್ಡ ಉಬ್ಬರ, ಅಷ್ಟಮಿಗೆ ಸಣ್ಣದು, ಆಗ ನೀರು ಹೆಚ್ಚು ಅಲ್ಲಾಡುವುದಿಲ್ಲ. ಆಮೇಲೆ ನನ್ನ ಮುಖ ನೋಡಿ ಸೇರಿಸಿದಳು: “ತುಝೇ ನಹೀ ಪತಾ? ತೂ ತೋ ಸಮುಂದರ್ ಕಾ ಹೀ ಕಾಮ್ ಕರತೀ ಹೈ ನಾ?” ನಿನಗೆ ಗೊತ್ತಿಲ್ಲವಾ, ನಿನ್ನದು ಸಮುದ್ರದ ಕೆಲಸವೇ ತಾನೆ?

ಬೀನ್ಸು ಕೈಯಲ್ಲೇ ಉಳಿಯಿತು. ಮಾವ್ಶಿ ಹೇಳಿದ್ದು ಬಿರುಗಾಳಿಯ ಮಾತಲ್ಲ. ಹದಿನೈದು ದಿನಕ್ಕೊಮ್ಮೆ, ಗಾಳಿಯಿರಲಿ ಇಲ್ಲದಿರಲಿ, ಉಬ್ಬರ ಸಣ್ಣದಾಗಿ ಖಾಡಿ ಮಂಕಾಗಿ ನಿಲ್ಲುವ ದಿನಗಳ ಮಾತು. ನಿಂತ ನೀರಿನಲ್ಲಿ ಹೊಲಸೂ ನಿಲ್ಲುತ್ತದೆ. ನಾನು ಅತಿ ಕೆಟ್ಟ ದಿನವೆಂದು ಆರಿಸಿದ್ದು ಖಾಡಿಯ ಅತಿ ಒಳ್ಳೆಯ ದಿನಗಳನ್ನು. ಸಣ್ಣ ಉಬ್ಬರದ ಪಾಠವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಅಂಕ ತೆಗೆದವಳು ನಾನು. ಆದರೆ ನಮ್ಮೂರಿನ ಕಡಲಿನಲ್ಲಿ ಭಯವೆಂದರೆ ಅಲೆ, ಗಾಳಿ. ನೀರು ಸುಮ್ಮನಿದ್ದರೆ ಹಬ್ಬ. ಸುಮ್ಮನಿರುವ ನೀರಿಗೆ ಹೆದರುವವರೂ ಇದ್ದಾರೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಹೆದರಿಕೆಯಾಯಿತು.

ಮರುದಿನ ಮೊದಲ ಗಾಡಿಗೇ ಹೋದೆ. ಅಷ್ಟಮಿಯ ಆಚೀಚಿನ ನಾಲ್ಕು ದಿನ ಕೊಟ್ಟು ಯಂತ್ರ ಓಡಿಸಿದೆ. ಪರದೆಯ ಮುಂದೆ ಕೂರಲಾಗದೆ ವಾಶಿ ಸ್ಟೇಶನ್ನಿಗೆ ಎರಡು ಸಲ ಹೋಗಿ ಬಂದೆ, ಯಾವ ಗಾಡಿಯನ್ನೂ ಹತ್ತಲಿಲ್ಲ. ಶನಿವಾರ ಬೆಳಿಗ್ಗೆ ಫಲಿತಾಂಶ ಬಂದಾಗ ದಿಬ್ಬದ ಚೌಕಗಳು ಒಂದೊಂದಾಗಿ ಹಳದಿಯಾದವು, ಆಮೇಲೆ ಕೆಂಪಾದವು. ಹೊಲಸು ಅಷ್ಟು ದೂರ ಹೋಗಿ ಮತ್ತೆ ಅಲ್ಲಿಗೇ ಬಂದು ಕೂರುತ್ತಿತ್ತು. ಆಮ್ಲಜನಕದ ಗೆರೆ ಇಳಿಯುತ್ತಲೇ ಹೋಯಿತು. ಹಾಗೆ ಇಳಿದರೆ ಕೆಸರಿನೊಳಗಿನ ಚಿಪ್ಪುಗಳು ಬಾಯಿ ತೆರೆದು ಸಾಯುತ್ತವೆ. ಮಾವ್ಶಿ ಬುಟ್ಟಿ ಹಿಡಿದು ನಿಲ್ಲುವ ಜಾಗ ಯಾವ ಚೌಕ ಎಂದು ನನಗೆ ಗೊತ್ತಿತ್ತು. ನಾನೇ ಚಪ್ಪಲಿ ಕಳೆದುಕೊಂಡ ಜಾಗವದು.

ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ಹೊಳೆಯದೆ ಇರಲಿಲ್ಲ. ಹೇಳಿದರೆ ಕೆಲಸ ಹೋಗಬಹುದು, ಪೆಟ್ಟಿಗೆ ಮಂಚದಡಿಯಿಂದ ಎಳೆದು ಊರಿಗೆ ಹೋಗಬೇಕು. ಆ ನೆಲಹಾಸಿಗೆಯನ್ನು ಅಷ್ಟು ಶಪಿಸಿದವಳಿಗೆ ಈಗ ಅದನ್ನು ಬಿಡಲು ಮನಸ್ಸಿರಲಿಲ್ಲ. ಇಷ್ಟು ಬೇಗ ಈ ಊರು ಹೇಗೆ ನನ್ನದಾಯಿತೆಂದು ನನ್ನ ಮೇಲೆಯೇ ಸಿಟ್ಟು ಬಂತು. ಎರಡು ಚಿತ್ರಗಳನ್ನೂ ಅಚ್ಚು ಹಾಕಿ ಸರ್ ಮೇಜಿನ ಮೇಲಿಟ್ಟು, ಬಂಗ ಮತ್ತು ಭಾಂಗಿನ ಕಥೆಯನ್ನು ಹೇಳಿದೆ.

ಅವರು ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಕನ್ನಡ ಬಂತು. “ಏನವಾ ಇದು? ಸೋಮವಾರ ಮೀಟಿಂಗ್ ಐತಿ, ಈಗ ಬಂದು ಹೇಳಾಕತ್ತೀಯಲ್ಲ?”

“ಗೊತ್ತಾದದ್ದೇ ಮೊನ್ನೆ ಸಂಜೆ, ಸರ್.”

“ಮಷೀನ್ ಏನ್ ಕೊಟ್ರೂ ತಿಂತೈತಿ. ತಿನ್ನಿಸಿದಾಕಿ ನೀ, ನೋಡದ ಸಹಿ ಹಾಕಿದಾಂವ ನಾ.” ಕನ್ನಡಕ ತೆಗೆದು ಒರೆಸಿದರು. “ವಾಪಸ್ ತಗೋಳೂಣು. ಆದ್ರ ಎದ್ದು ನಿಂತು ನೀನ ಹೇಳಬೇಕು.”

ಸೋಮವಾರ ಹತ್ತು ಹನ್ನೆರಡು ಜನರ ಎದುರು ಎದ್ದು ನಿಂತೆ. ಒಂದು ಶಬ್ದ ನನಗೆ ಅರ್ಥವಾಗಿರಲಿಲ್ಲ, ಅದರಿಂದ ವರದಿ ತಪ್ಪಾಗಿದೆ ಎಂದು ಹಿಂದಿಯಲ್ಲಿ ಹೇಳಿದೆ. ಶಬ್ದ ಯಾವುದೆಂದು ಕೇಳಿದರು. ಹೇಳಿದೆ. ಕಾರ್ಖಾನೆಯ ಕಡೆಯವರೊಬ್ಬರು, “ಭಾಂಗ್ ಪೀಕೇ ರಿಪೋರ್ಟ್ ಲಿಖಾ ಥಾ ಕ್ಯಾ?” ಎಂದರು. ಭಂಗಿ ಕುಡಿದು ವರದಿ ಬರೆದದ್ದಾ ಎಂದು. ಎಲ್ಲರೂ ನಕ್ಕರು, ಪಾಟೀಲ ಸರ್ ಕೂಡ ನೆಲ ನೋಡಿ ನಕ್ಕರು. ನನ್ನ ಕಿವಿ ಕಾದವು. ಆದರೂ ಕೆಂಪು ಚಿತ್ರ ಗೋಡೆಯ ಮೇಲೆ ಇತ್ತು, ಅದನ್ನು ನಕ್ಕು ಅಳಿಸಲು ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೊಳವೆಯ ಬಾಯಿಯನ್ನು ಖಾಡಿಯ ಕೆಳಗೆ, ಕಡಲ ದಿಕ್ಕಿಗೆ, ಆಳ ಹೆಚ್ಚಿರುವ ಕಡೆಗೆ ಒಯ್ಯುವುದೆಂದು ತೀರ್ಮಾನವಾಯಿತು. ನನ್ನ ಪರೀಕ್ಷೆಯ ಅವಧಿಯನ್ನು ಇನ್ನೂ ಮೂರು ತಿಂಗಳು ಉದ್ದ ಮಾಡಿದರು. ತೆಗೆದುಹಾಕಲಿಲ್ಲ, ಅಷ್ಟೇ.

ಆ ವಾರವೇ ಮಾವ್ಶಿಗೆ ಹೇಳಲು ಹೋದೆ. ನನ್ನ ತಪ್ಪನ್ನೂ ಹೇಳಿದೆ. ಬಂಗದ ಕಥೆ ಕೇಳಿ ಅವಳು ಕೆಸರು ಕೈಯಲ್ಲೇ ಹಣೆ ಚಚ್ಚಿಕೊಂಡು ನಕ್ಕಳು. ಕೊಳವೆ ಇನ್ನು ಇಲ್ಲಿಗೆ ಬರುವುದಿಲ್ಲ, ಕೆಳಗೆ ಹೋಗುತ್ತದೆ ಎಂದಾಗ ನಗು ನಿಲ್ಲಿಸಿ ಕೇಳಿದಳು: “ತಿಥಂ ಕೋಣಾಚ್ಯಾ ತಿಸರ್‍ಯಾ?”

ಅಲ್ಲಿ ಯಾರ ಚಿಪ್ಪುಗಳಿವೆ? ನನಗೆ ಗೊತ್ತಿರಲಿಲ್ಲ. ಆಳ ಹೆಚ್ಚು, ಭಾಂಗಿನಲ್ಲೂ ನೀರು ಚೂರು ಓಡುತ್ತದೆ ಎಂದೇನೋ ಹೇಳಿದೆ. ಅವಳು ಹೂಂ ಎಂದು ಬುಟ್ಟಿ ಎತ್ತಿಕೊಂಡಳು. ಮರುದಿನವೇ ನೋಟ್‌ಬುಕ್ ಹಿಡಿದು ಕೆಳಗಿನ ಕೇರಿಗೆ ಹೋದೆ. ಆ ಮೇಲೆ ಹತ್ತು ವರ್ಷ ನಾನು ಮಾಡಿದ್ದು ಅದನ್ನೇ. ಯಾವ ಊರಿನ ನೀರಾದರೂ ಮೊದಲು ಅಲ್ಲಿನ ಶಬ್ದ ಬರೆದುಕೊಳ್ಳುವುದು, ಅದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಪೆದ್ದಿಯಂತೆ ಮೂರು ಸಲ ಕೇಳುವುದು. ಡೊಂಬಿವಿಲಿಯ ಪಕ್ಕದ ಠಾಕುರ್ಲಿಯಲ್ಲಿ ನನ್ನದೇ ಮನೆಯಾಯಿತು. ಕಾಲು ಚಾಚಿದರೆ ಯಾರಿಗೂ ತಾಗುವುದಿಲ್ಲ, ಆದರೂ ನಿದ್ದೆ ಅಷ್ಟಕ್ಕಷ್ಟೆ. ಕನಸಿನಲ್ಲಿ ಮಾತಾಡುವುದು ಯಾವ ಭಾಷೆಯಲ್ಲೆಂದು ನನಗೇ ಹೇಳಲು ಬರುವುದಿಲ್ಲ.

ಹೋದ ವರ್ಷ ನಮ್ಮೂರಿನ ಅಳಿವೆಯ ಕೆಲಸವೊಂದು ಬಂತು. ಹೊಳೆ ಕಡಲು ಸೇರುವಲ್ಲಿ ಇನ್ನೊಂದು ಕೊಳವೆ. “ನಿಮ್ಮ ಊರ ಐತಿ, ನಿಮ್ಮ ಭಾಷಾ ಐತಿ. ನಿನಗ ಬೆಣ್ಣಿಯಾಗಿನ ಕೂದಲಾ ತಗದಂಗ,” ಎಂದು ಸರ್ ನನ್ನನ್ನೇ ಕಳಿಸಿದರು. ಬಾಡಿಗೆ ಜೀಪು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಅಚ್ಚಾದ ಕನ್ನಡ ಪ್ರಶ್ನೆಗಳು. ಅಳಿವೆಯ ಬಳಿ ಬಲೆ ಹೆಣೆಯುತ್ತ ಕೂತಿದ್ದವರು ಶೀನಣ್ಣ, ಅಪ್ಪನ ಜೊತೆ ಒಂದೇ ದೋಣಿಯಲ್ಲಿ ಇಪ್ಪತ್ತು ವರ್ಷ ದುಡಿದವರು. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವರು. ಮುಂಬೈಯ ಅಭ್ಯಾಸಕ್ಕೆ ನಾನು ಕಾಗದ ನೋಡಿಕೊಂಡೇ ಶುರು ಮಾಡಿದೆ: “ಇಲ್ಲಿ ನೀರು ಯಾವ ದಿನಗಳಲ್ಲಿ ಕೆಡುತ್ತದೆ?”

“ಅಂಥದ್ದೇನೂ ಇಲ್ಲ, ಮೇಡಂ. ಎಲ್ಲ ಸರಿ ಇದೆ,” ಎಂದರು ಶೀನಣ್ಣ, ಶಾಲೆಯ ಮಾಸ್ತರರ ಎದುರು ಆಡುವಂಥ ಕನ್ನಡದಲ್ಲಿ. ನಾನು ಕಾಗದ ಮಡಚಿದೆ. ಅವರ ಪಕ್ಕ ಮರಳಿನಲ್ಲಿ ಕೂತು ತುಳುವಿನಲ್ಲಿ ಕೇಳಿದೆ: “ಶೀನಣ್ಣ, ಎನ್ನ ಗುರ್ತ ಸಿಕ್ಕಿಜ್ಜಾ?” ನನ್ನ ಗುರುತು ಸಿಗಲಿಲ್ಲವೆ?

ಅವರು ಬಲೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದರು, ಆಮೇಲೆ ಜೀಪನ್ನು ನೋಡಿದರು.

“ಸಿಗದೆ ಏನು? ನೀವು ಸಂಜೀವಣ್ಣನ ಮಗಳಲ್ಲವಾ,” ಎಂದರು, ಮತ್ತೆ ಕನ್ನಡದಲ್ಲೇ. ದಾರ ಎಳೆದು ಗಂಟು ಬಿಗಿದರು. “ಮುಂದಿನ ಪ್ರಶ್ನೆ ಕೇಳಿ, ಮೇಡಂ.”